ಕಡತ ಟೇಬಲಿನ ಒಳಗೋ, ಹೊರಗೋ?

ಕಟಪಾಡಿಯ ಒಂದು ತುಂಡು ಗದ್ದೆಯ ಪಹಣಿ ಎಂದರೆ ಕಂಪ್ಯೂಟರಿನ ಮಟ್ಟಿಗೆ ನಾಲ್ಕಾರು ಸಾಲು ಅಕ್ಷರ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರರ ಹೆಸರು, ಬೆಳೆ, ಸಾಲ ಇವೆಲ್ಲ ಡೇಟಾಬೇಸಿನ ಟೇಬಲಿಗೆ ಹೇಳಿ ಮಾಡಿಸಿದ ಸರಕು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಈ ಗುಣ ನೆರವಾಯಿತು. ಆದರೆ ಪಹಣಿಯಲ್ಲಿರುವ ಹೆಸರು ಅಲ್ಲಿಗೆ ಹೇಗೆ ಬಂತೆಂಬುದರ ಸಾಕ್ಷಿ ಬೇರೆ ಕಡೆ ಇದೆ: 1974ರ ಭೂಸುಧಾರಣೆಯ ಬಳಿಕ ಗೇಣಿ ಒಕ್ಕಲು ಹಾಕಿದ ನಮೂನೆ 7ರ ಡಿಕ್ಲರೇಶನ್, ಭೂ ನ್ಯಾಯಮಂಡಳಿಯ ಆದೇಶ, ಅದರ ಸಹಿ, ಮೊಹರು. ಇವನ್ನು ಟೈಪ್ ಮಾಡಿ ತುಂಬಿಸಿದರೆ ಸಾಕ್ಷ್ಯದ ಬೆಲೆಯೇ ಹೋಗುತ್ತದೆ, ಚಿತ್ರವಾಗಿಯೇ ಉಳಿಯಬೇಕು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಗಿದೆ. ಇಂಥ ಚಿತ್ರವನ್ನು ಡೇಟಾಬೇಸಿನ ಒಳಗಿಡಬೇಕೋ, ಹೊರಗಿನ ಫೋಲ್ಡರಿನಲ್ಲೋ ಎಂಬ ಹಳೆಯ ಪ್ರಶ್ನೆಗೆ ತಂತ್ರಜ್ಞರು ಹೆಚ್ಚಾಗಿ ಗಾತ್ರ ನೋಡಿ ಉತ್ತರ ಹೇಳಿದ್ದಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಬೇರೆ: ಟೇಬಲಿನ ಸಾಲು ಕಳಚಿಕೊಂಡರೆ, ಈ ಫೈಲು ತಾನು ಯಾರದೆಂದು ಹೇಳಬಲ್ಲದೇ?

ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಮಾದರಿಯನ್ನು ಮುಂದಿಟ್ಟಾಗ ಅದರ ಕಣ್ಣಿದ್ದದ್ದು ಬಿಡಿ ಬಿಡಿ ಮೌಲ್ಯಗಳ ಮೇಲೆ. ಚಿತ್ರ, ಧ್ವನಿಯ ಚಿಂತೆ ಇರಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ಜಿಮ್ ಸ್ಟಾರ್ಕಿ ‘ಬ್ಲಾಬ್’ ಎಂಬ ಕಲ್ಪನೆ ತಂದ ಮೇಲೆ ದೊಡ್ಡ ಫೈಲಿಗೂ ಟೇಬಲಿನಲ್ಲಿ ಜಾಗ ಸಿಕ್ಕಿತು. ಆದರೂ ಇಕ್ಕಟ್ಟು ತಪ್ಪಲಿಲ್ಲ. ಒರಾಕಲ್‌ನ ಹಳೆಯ ‘ಲಾಂಗ್ ರಾ’ದಲ್ಲಿ ಒಂದು ಟೇಬಲಿಗೆ ಅಂಥದ್ದು ಒಂದೇ ಕಾಲಂ. ಪೋಸ್ಟ್‌ಗ್ರೆಸ್‌ನ ಪುಟ 8 ಕೆಬಿ, 2001ರ 7.1 ಆವೃತ್ತಿಯ ‘ಟೋಸ್ಟ್’ ಬಂದು ದೊಡ್ಡ ಮೌಲ್ಯವನ್ನು ಚೂರು ಮಾಡಿ ಪಕ್ಕದ ಟೇಬಲಿನಲ್ಲಿಡುವ ತನಕ ಒಂದು ಸಾಲು ಆ ಪುಟವನ್ನು ಮೀರುವಂತಿರಲಿಲ್ಲ. ಅಷ್ಟರಲ್ಲಿ, 1998ರಲ್ಲೇ, ಜಿಮ್ ಗ್ರೇ ತಂಡದ ಟೆರಾಸರ್ವರ್ ಉಪಗ್ರಹ ಮತ್ತು ವೈಮಾನಿಕ ಚಿತ್ರಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಎಸ್‌ಕ್ಯೂಎಲ್ ಸರ್ವರಿನೊಳಗೇ ಇಟ್ಟು ಜಗತ್ತಿಗೆ ತೋರಿಸಿತ್ತು. ಅದೇ ಗ್ರೇ, ರಸೆಲ್ ಸಿಯರ್ಸ್ ಮತ್ತು ಕ್ಯಾಥರೀನ್ ವಾನ್ ಇಂಗನ್ ಜೊತೆ 2006ರಲ್ಲಿ ಅಳೆದು ನೋಡಿದರು: 256 ಕೆಬಿಗಿಂತ ಚಿಕ್ಕದಾದರೆ ಡೇಟಾಬೇಸ್ ಮೇಲು, 1 ಎಂಬಿ ದಾಟಿದರೆ ಫೈಲ್ ಸಿಸ್ಟಮ್ ಮೇಲು. ಆ ಕಾಲದ ಒಂದು ಡೇಟಾಬೇಸನ್ನು ಒಂದು ಫೈಲ್ ಸಿಸ್ಟಮಿನ ಜೊತೆ ಹೋಲಿಸಿದ ಫಲಿತಾಂಶವದು. ಜನ ಅದನ್ನು ಶಾಸನವೆಂಬಂತೆ ಒಪ್ಪಿಕೊಂಡರು.

ಆ ಅಳತೆಗೋಲು ಎಲ್ಲಿ ಸೋಲುತ್ತದೆಂದು ನೋಡಲು ಮಣಿಪಾಲದಲ್ಲಿರುವಂಥ ದೊಡ್ಡ ಆಸ್ಪತ್ರೆಯ ಸಿಟಿ ಸ್ಕ್ಯಾನ್ ಸಾಕು. 512 ಸಾಲು, 512 ಕಾಲಂ, ಬಿಂದುವಿಗೆ 2 ಬೈಟ್. ಒಂದು ಸ್ಲೈಸಿಗೆ ಅರ್ಧ ಎಂಬಿ. 256 ಕೆಬಿಗೂ 1 ಎಂಬಿಗೂ ನಡುವೆ ಬಿದ್ದು, ಸೂತ್ರ ಬಾಯಿಕಟ್ಟಿ ಕೂರುತ್ತದೆ. ಆಸ್ಪತ್ರೆಗಳ ವ್ಯವಸ್ಥೆ ಸಾಮಾನ್ಯವಾಗಿ ಚಿತ್ರಗಳನ್ನು ಹೊರಗಿಟ್ಟು ಪಟ್ಟಿಯನ್ನಷ್ಟೇ ಡೇಟಾಬೇಸಿನಲ್ಲಿಡುತ್ತದೆ. ಇದು ಸರಿ, ಆದರೆ ಗಾತ್ರದ ಕಾರಣಕ್ಕಲ್ಲ. ಇಂಥ ಸ್ಕ್ಯಾನ್‌ಗಳನ್ನು ಉಳಿಸುವ ಡೈಕಾಮ್ ಮಾದರಿಯ ಫೈಲಿನ ತಲೆಯಲ್ಲೇ ರೋಗಿಯ ಹೆಸರು, ಸಂಖ್ಯೆ, ತಪಾಸಣೆಯ ಗುರುತು ಇರುತ್ತದೆ. ಪಟ್ಟಿ ನಾಶವಾದರೂ ಫೈಲುಗಳನ್ನೇ ಓದಿ ಮತ್ತೆ ಕಟ್ಟಬಹುದು. ಡಿಕ್ಲರೇಶನ್ನಿನ ಸ್ಕ್ಯಾನ್‌ಗೆ ಅಂಥ ತಲೆಬರಹವಿಲ್ಲ. ಅದೊಂದು ಬರಿಯ ಚಿತ್ರ; ಮಾಸಿದ ಶಾಯಿಯನ್ನು ಮನುಷ್ಯನೇ ಕೂತು ಓದಬೇಕು. ಫೋಲ್ಡರಿನ ಹೆಸರೇ ಗುರುತಾಗಲಿ ಎನ್ನುವುದಕ್ಕೂ ಅಡ್ಡಿಯಿದೆ: ಉಡುಪಿ 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಯಿತು, ಕಟಪಾಡಿ ಆಮೇಲೆ ಉಡುಪಿ ತಾಲ್ಲೂಕು ಬಿಟ್ಟು ಕಾಪುವಿಗೆ ಸೇರಿತು. ಜಿಲ್ಲೆ, ತಾಲ್ಲೂಕಿನ ಹೆಸರಿನಲ್ಲಿ ಬರೆದಿಟ್ಟ ದಾರಿ ಇಂಥ ಪ್ರತಿ ಬದಲಾವಣೆಗೂ ತಪ್ಪುತ್ತದೆ. ಒಳಗಿಟ್ಟರೆ ಸಾಲು, ಚಿತ್ರ ಎರಡೂ ಒಂದೇ ವಹಿವಾಟಿನಲ್ಲಿ ಬರುತ್ತವೆ, ಒಂದೇ ಬ್ಯಾಕಪ್ಪಿನಲ್ಲಿ ಉಳಿಯುತ್ತವೆ.

ಸಾಲಿನಲ್ಲಿ ಫೈಲಿನ ಹ್ಯಾಶ್ ಬರೆದಿಟ್ಟರೆ ಸಾಲದೇ ಎಂದು ಕೇಳಬಹುದು. ಹ್ಯಾಶ್ ಫೈಲು ತಿದ್ದಲಾಗಿದೆಯೇ ಎಂಬುದನ್ನು ಹೇಳುತ್ತದೆ, ಕಳೆದುಹೋದ ಪುಟವನ್ನು ತಂದುಕೊಡುವುದಿಲ್ಲ. ಬ್ಯಾಕಪ್ ಊದಿಕೊಳ್ಳುತ್ತದೆ, ವೇಗದ ಡಿಸ್ಕು ದುಬಾರಿ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಎ4 ಪುಟವನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಹಿಡಿದರೆ ಕುಗ್ಗಿಸುವ ಮೊದಲು ಸುಮಾರು 26 ಎಂಬಿ. ಕಪ್ಪುಬಿಳುಪಾದರೆ ಸುಮಾರು 1 ಎಂಬಿ, ಕುಗ್ಗಿಸಿದರೆ ಇನ್ನೂ ಬಹಳ ಕಡಿಮೆ. ಜೊತೆಗೆ, ನ್ಯಾಯಮಂಡಳಿಯ ಆದೇಶದ ಚಿತ್ರ ದಿನದಿನಕ್ಕೆ ಬದಲಾಗುವಂಥದ್ದಲ್ಲ. ಮುಗಿದ ವರ್ಷಗಳ ಭಾಗವನ್ನು ಬೇರೆ ಟೇಬಲ್‌ಸ್ಪೇಸಿಗೆ, ಅಗ್ಗದ ಡಿಸ್ಕಿಗೆ ಸರಿಸಿ ಓದಲಷ್ಟೇ ತೆರೆದಿಟ್ಟರೆ, ಅದನ್ನು ರಾತ್ರಿರಾತ್ರಿ ಬ್ಯಾಕಪ್ ಮಾಡುವ ಅಗತ್ಯವಿಲ್ಲ. ಎಸ್‌ಕ್ಯೂಎಲ್ ಸರ್ವರ್ 2008ರ ‘ಫೈಲ್‌ಸ್ಟ್ರೀಮ್’ ಫೈಲನ್ನು ಡಿಸ್ಕಿನಲ್ಲಿ ಬಿಟ್ಟು ಹೊಣೆಯನ್ನು ಡೇಟಾಬೇಸಿಗೇ ವಹಿಸಿದ್ದೂ ಈ ದಿಕ್ಕಿನದೇ ಹೆಜ್ಜೆ. ಸರ್ವೆ ಕೆಲಸದ ಡ್ರೋನ್ ಚಿತ್ರಗಳಂಥ ಭಾರಿ ಸಾಮಗ್ರಿಗೆ ಮಾತ್ರ ನಾನೂ ಹೊರಗಿನ ಸಂಗ್ರಹವನ್ನೇ ಒಪ್ಪುತ್ತೇನೆ; ಜಾಗದ ಗುರುತು ಸಾಮಾನ್ಯವಾಗಿ ಆ ಫೈಲಿನೊಳಗೇ ಇರುತ್ತದೆ, ಹಾಳಾದರೆ ಇನ್ನೊಮ್ಮೆ ಹಾರಿಸಿ ತೆಗೆಯಲೂಬಹುದು.