ಕಲ್ಯಾಣಕಾರಕದಿಂದ ವೈಟ್‌ಫೀಲ್ಡಿಗೆ: ಕನ್ನಡನಾಡಿನಲ್ಲಿ ಮೂತ್ರ, ಮೇಹ ಮತ್ತು ವ್ಯಾಧಿಕ್ಷಮತ್ವದ ವಿಚಾರ

ಕನ್ನಡ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ವೈದ್ಯಗ್ರಂಥಗಳ ಪಾಲು ಗಣನೀಯವಾದುದು. ಅವುಗಳಲ್ಲಿ ಮುಖ್ಯವಾದವು ಅನೇಕ ಜೈನ ಕರ್ತೃಗಳ ರಚನೆಗಳು. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಸುಮಾರು 1500ರ ಶ್ರೀಧರದೇವನ ‘ವೈದ್ಯಾಮೃತ’, 16ನೆಯ ಶತಮಾನದ ಸಾಳ್ವನ ‘ವೈದ್ಯಸಾಂಗತ್ಯ’ ಇವು ಸಾಹಿತ್ಯ ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಹೆಸರುಗಳ ಪಟ್ಟಿಯಾಗಿಯೇ ಪರಿಚಿತ. ಆ ಗ್ರಂಥಗಳ ಔಷಧಯೋಗಗಳಿಗೆ ಈಗ ಎಷ್ಟು ಬೆಲೆಯೆಂಬುದನ್ನು ವೈದ್ಯರು ನಿರ್ಣಯಿಸಲಿ. ಆದರೆ ಅವುಗಳ ಹಿಂದಿದ್ದ ಮೂರು ಪ್ರಶ್ನೆಗಳು ಇಂದಿಗೂ ಜೀವಂತವಾಗಿವೆ. ದೇಹವನ್ನು ನೋಯಿಸದೆ ಅದರ ಒಳಗನ್ನು ಅರಿಯಬಹುದೆ? ಇನ್ನೊಂದು ಜೀವವನ್ನು ಕೊಲ್ಲದೆ ರೋಗವನ್ನು ಗುಣಪಡಿಸಬಹುದೆ? ಆ ಅರಿವನ್ನು ನಾಡಿನ ಜನರ ಮಾತಿನಲ್ಲಿ ಹೇಳಬಹುದೆ? ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಮೊದಲೆರಡು ಪ್ರಶ್ನೆಗಳಿಗೆ ಹೊಸ ಬಗೆಯ ಉತ್ತರಗಳು ದೊರೆತಿವೆ. ಮೂರನೆಯದು ಉತ್ತರಕ್ಕಾಗಿ ಕಾಯುತ್ತಿದೆ.

ಪ್ರಾಣಾವಾಯದ ಪರಂಪರೆ

ಜೈನಾಗಮದ ಹನ್ನೆರಡನೆಯ ಅಂಗವಾದ ದೃಷ್ಟಿವಾದದಲ್ಲಿ ಹದಿನಾಲ್ಕು ಪೂರ್ವಗಳು ಅಡಕವಾಗಿದ್ದುವೆಂದು ಪ್ರತೀತಿ. ಅವುಗಳಲ್ಲಿ ಹನ್ನೆರಡನೆಯದಾದ ‘ಪ್ರಾಣಾವಾಯ’ವೇ ವೈದ್ಯಶಾಸ್ತ್ರದ ಮೂಲವೆಂದು ಜೈನ ಪರಂಪರೆ ತಿಳಿಯುತ್ತದೆ. ಪೂಜ್ಯಪಾದ ದೇವನಂದಿಯು ವೈಯಾಕರಣನೂ ತತ್ತ್ವಜ್ಞನೂ ಆಗಿದ್ದಂತೆ ವೈದ್ಯನೂ ಆಗಿದ್ದನೆಂಬ ನಂಬಿಕೆ ಬಲವಾಗಿದೆ. ಶುಭಚಂದ್ರನ ‘ಜ್ಞಾನಾರ್ಣವ’ವು ದೇವನಂದಿಯನ್ನು ಸ್ತುತಿಸುವಾಗ ಆತನ ಮಾತುಗಳು ಕಾಯ, ವಾಕ್ಕು ಮತ್ತು ಚಿತ್ತಗಳ ಕಳಂಕವನ್ನು ಕಳೆಯುವುವೆಂದು ಹೇಳುತ್ತದೆ. ಇದರಲ್ಲಿ ಕಾಯದ ಮಾತು ಆತನ ವೈದ್ಯಗ್ರಂಥವನ್ನು ಸೂಚಿಸುತ್ತದೆಂದು ವಿದ್ವಾಂಸರು ಗ್ರಹಿಸಿದ್ದಾರೆ.

ಉಪಲಬ್ಧವಿರುವ ಗ್ರಂಥಗಳಲ್ಲಿ ಪ್ರಮುಖವಾದುದು ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ ಈ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಉಗ್ರಾದಿತ್ಯ ತನ್ನ ಹಿಂದಿನ ಆಚಾರ್ಯರನ್ನು ಹೆಸರಿಸಿ ನೆನೆಯುತ್ತಾನೆ. ಶಾಲಾಕ್ಯಕ್ಕೆ ಪೂಜ್ಯಪಾದ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿ, ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನ, ಕಾಯಚಿಕಿತ್ಸೆಗೆ ದಶರಥಗುರು, ಬಾಲಚಿಕಿತ್ಸೆಗೆ ಮೇಘನಾದ ಎಂಬ ಆ ಸಾಲು ಒಂದು ಇಡೀ ವೈದ್ಯಶಾಖೆ ಕಣ್ಮರೆಯಾದುದನ್ನು ತೋರಿಸುತ್ತದೆ. ಗ್ರಂಥದ ಕೊನೆಯ ‘ಹಿತಾಹಿತಾಧ್ಯಾಯ’ವು ನೃಪತುಂಗನ ಸಭೆಯಲ್ಲಿ, ವೈದ್ಯವಿದ್ವಾಂಸರ ಸಮ್ಮುಖದಲ್ಲಿ, ಔಷಧವಾಗಿ ಮಾಂಸದ ಬಳಕೆಯನ್ನು ಅಲ್ಲಗಳೆಯಲು ಮಾಡಿದ ಪ್ರತಿಪಾದನೆ. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟ ಆಸ್ಥಾನವೇ ಈ ವೈದ್ಯವಾದಕ್ಕೂ ವೇದಿಕೆಯಾಯಿತೆಂಬುದು ಕನ್ನಡ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ.

ದ್ರವದಲ್ಲಿ ದೇಹದ ಓದು

ಪ್ರಾಚೀನ ವೈದ್ಯನಿಗೆ ದೇಹದ ಒಳಗನ್ನು ನೋಡುವ ದಾರಿಗಳು ಕಡಮೆ. ದೇಹ ತಾನಾಗಿ ಹೊರಗೆ ಬಿಡುವ ದ್ರವಗಳೇ ಅವನ ಪಾಲಿನ ಲಿಪಿ. ಮೂತ್ರಸಂಬಂಧಿಯಾದ ವ್ಯಾಧಿಗಳನ್ನು ಶಾಸ್ತ್ರಕಾರರು ಮೂತ್ರಕೃಚ್ಛ್ರ, ಮೂತ್ರಾಘಾತ, ಅಶ್ಮರಿ ಮತ್ತು ಪ್ರಮೇಹಗಳೆಂದು ಬೇರ್ಪಡಿಸಿದರು. ನೋವಿನಿಂದ ಹೊರಬೀಳುವುದು, ತಡೆದು ನಿಲ್ಲುವುದು, ಕಲ್ಲುಗಟ್ಟುವುದು, ಬಣ್ಣ ರುಚಿ ಸಾಂದ್ರತೆಗಳು ಕೆಟ್ಟು ಅತಿಯಾಗಿ ಹರಿಯುವುದು ಇವೇ ಆ ವಿಭಾಗಗಳ ಆಧಾರ. ಪ್ರಮೇಹದಲ್ಲಿ ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು, ಒಟ್ಟು ಇಪ್ಪತ್ತು ಭೇದಗಳು. ಉದಕಮೇಹ, ಸಾಂದ್ರಮೇಹ, ಸಿಕತಾಮೇಹ, ಹಾರಿದ್ರಮೇಹ, ಮಾಂಜಿಷ್ಠಮೇಹ ಎಂಬ ಹೆಸರುಗಳನ್ನು ಕೇಳಿದರೆ ಸಾಕು, ವೈದ್ಯನ ಕಣ್ಣು ಏನನ್ನು ನೋಡುತ್ತಿತ್ತೆಂಬುದು ತಿಳಿಯುತ್ತದೆ. ಒಂದು ನೀರಿನಂತೆ, ಒಂದು ಮಂದ, ಒಂದು ಮರಳು ಬೆರೆತಂತೆ, ಒಂದು ಅರಿಸಿನದ ಬಣ್ಣ, ಇನ್ನೊಂದು ಮಂಜಿಷ್ಠದ ಕೆಂಪು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಚರಕಸಂಹಿತೆ ಲಕ್ಷಣವಾಗಿ ಗುರುತಿಸಿದೆ. ‘ಯೋಗರತ್ನಾಕರ’ದಂಥ ಈಚಿನ ಗ್ರಂಥಗಳಲ್ಲಿ ತೈಲಬಿಂದು ಪರೀಕ್ಷೆ ಬರುತ್ತದೆ. ಬೆಳಗಿನ ಮೂತ್ರದ ಮೇಲೆ ಬಿಟ್ಟ ಎಣ್ಣೆಯ ಹನಿ ಹರಡಿದರೆ ಸಾಧ್ಯ, ಹರಡದೆ ನಿಂತರೆ ಕಷ್ಟಸಾಧ್ಯ, ಮುಳುಗಿದರೆ ಅಸಾಧ್ಯ ಎಂಬುದು ಅದರ ನಿರ್ಣಯಕ್ರಮ.

ವ್ಯಾಧಿಕ್ಷಮತ್ವದ ಕಲ್ಪನೆಯೂ ಈ ದ್ರವವಿಚಾರಕ್ಕೆ ಹೊಂದಿಕೊಂಡೇ ಬೆಳೆಯಿತು. ಚರಕಸಂಹಿತೆಯ ವ್ಯಾಖ್ಯಾನಕಾರನಾದ 11ನೆಯ ಶತಮಾನದ ಚಕ್ರಪಾಣಿದತ್ತ ಈ ಪದಕ್ಕೆ ಎರಡು ಅರ್ಥಗಳನ್ನು ಕೊಡುತ್ತಾನೆ. ಬಂದ ರೋಗದ ಬಲವನ್ನು ಎದುರಿಸುವುದು ಒಂದು, ರೋಗ ಹುಟ್ಟದಂತೆ ತಡೆಯುವುದು ಇನ್ನೊಂದು. ದೇಹಬಲದ ಸಾರವೆನಿಸಿದ ‘ಓಜಸ್ಸು’ ಇದಕ್ಕೆ ಆಧಾರ. ಮಧುರಸ್ವಭಾವದ ಓಜಸ್ಸನ್ನು ಕುಪಿತ ವಾತವು ಮೂತ್ರಾಶಯಕ್ಕೆ ಒಯ್ದಾಗ ಮಧುಮೇಹ ಉಂಟಾಗುತ್ತದೆಂದು ಚರಕ ವಿವರಿಸುತ್ತಾನೆ. ರಕ್ಷಣಶಕ್ತಿ ದ್ರವವಾಗಿ ಸೋರಿಹೋಗುತ್ತದೆಂಬ ಈ ಕಲ್ಪನೆಯನ್ನು ಇಂದಿನ ಪ್ರತಿರಕ್ಷಾವಿಜ್ಞಾನದೊಂದಿಗೆ ಸಮೀಕರಿಸುವುದು ತಪ್ಪಾಗುತ್ತದೆ. ಆದರೆ ದೇಹದ್ರವ, ರೋಗನಿರೋಧ, ಮೂತ್ರವಿಕಾರ ಎಂಬ ಮೂರು ವಿಷಯಗಳನ್ನು ಒಂದೇ ಸೂತ್ರದಲ್ಲಿ ಕಂಡ ಆಲೋಚನೆ ಈ ನೆಲದ ವೈದ್ಯರಿಗೆ ಪರಿಚಿತವಾಗಿತ್ತೆಂಬುದು ಸ್ಪಷ್ಟ.

ಜೈನ ಲೇಖಕರಿಗೆ ಇಲ್ಲಿ ಮತ್ತೊಂದು ಹೊಣೆಯಿತ್ತು. ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗಸಮಿತಿಯು ಮಲಮೂತ್ರಗಳನ್ನು ಜೀವಿಗಳಿಗೆ ಬಾಧೆಯಾಗದ ಕಡೆ ವಿಸರ್ಜಿಸಬೇಕೆಂದು ಮುನಿಗಳಿಗೆ ವಿಧಿಸುತ್ತದೆ. ದೇಹ ಬಿಟ್ಟುಕೊಟ್ಟ ದ್ರವವೂ ಅಹಿಂಸೆಯ ಲೆಕ್ಕದಿಂದ ಹೊರಗುಳಿಯಲಿಲ್ಲ. ಚಿಕಿತ್ಸೆಯಂತೂ ಸರಿಯೇ ಸರಿ. ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಶ್ರಾವಕನ ಮೂಲಗುಣ. ಇತರ ವೈದ್ಯಗ್ರಂಥಗಳಲ್ಲಿ ಇವು ಔಷಧಾಂಗಗಳಾಗಿ ಹೆಜ್ಜೆಹೆಜ್ಜೆಗೂ ಬರುತ್ತವೆ. ಇವುಗಳನ್ನು ಬಿಟ್ಟು ಚಿಕಿತ್ಸೆ ಹೇಳುವುದು ಜೈನ ವೈದ್ಯರು ತಾವಾಗಿ ಹೊತ್ತ ಕಟ್ಟಳೆ.

ವೈಟ್‌ಫೀಲ್ಡಿನಲ್ಲಿ ಮೂತ್ರದ ನಕ್ಷೆ

1880ರ ದಶಕದಲ್ಲಿ ಹತ್ತನೆಯ ಚಾಮರಾಜ ಒಡೆಯರ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್, ಒಂದು ಶತಮಾನದ ಬಳಿಕ ತಂತ್ರಾಂಶದ ಊರಾಯಿತು. ಅಲ್ಲಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್‌ನಲ್ಲಿ, 2002ರಲ್ಲಿ ಡಾ. ಅಖಿಲೇಶ್ ಪಾಂಡೆ ಅವರು ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ನೆಲೆಗೊಂಡಿದೆ. ಮನುಷ್ಯನ ಪ್ರೋಟೀನುಗಳನ್ನು ಗುರುತಿಸಿ ಪಟ್ಟಿಮಾಡುವುದು ಇದರ ಮುಖ್ಯ ಕಾರ್ಯ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹ ಮರಳಿ ಹೀರಿಕೊಳ್ಳುತ್ತದೆ. ಹೊರಬರುವುದು ಒಂದೆರಡು ಲೀಟರ್ ಮಾತ್ರ. ಆರೋಗ್ಯವಂತನ ಮೂತ್ರದಲ್ಲಿ ಪ್ರೋಟೀನಿನ ಅಂಶ ತೀರ ಅಲ್ಪ, ದಿನಕ್ಕೆ 150 ಮಿಲಿಗ್ರಾಂ ಒಳಗೆ. ಆ ಅಲ್ಪದಲ್ಲಿ ಎಷ್ಟು ಬಗೆಗಳಿವೆ ಎಂಬುದು ಪ್ರಶ್ನೆ. ಪ್ರೋಟೀನುಗಳನ್ನು ಕಿಣ್ವದಿಂದ ತುಂಡರಿಸಿ, ತುಣುಕುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಿಂದ ಅಳೆದು, ಆ ತೂಕಗಳ ಆಧಾರದಿಂದ ಮೂಲ ಪ್ರೋಟೀನನ್ನು ಗಣಕದಲ್ಲಿ ಹುಡುಕುವುದು ಇದರ ವಿಧಾನ. ಈ ಸಂಸ್ಥೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಮಾನವ ಮೂತ್ರದ ಪ್ರೋಟೀನುಗಳ ನಕ್ಷೆಯಲ್ಲಿ 1,823 ಪ್ರೋಟೀನುಗಳಿವೆ. ಅವುಗಳಲ್ಲಿ 671 ಅದುವರೆಗೆ ಮೂತ್ರದಲ್ಲಿ ವರದಿಯಾಗಿರಲಿಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಮಾನವ ಪ್ರೋಟೀನುಗಳ ಕರಡು ನಕ್ಷೆಯಲ್ಲಿಯೂ ಇದೇ ಸಂಸ್ಥೆಯ ಪಾತ್ರ ಹಿರಿದು. 30 ಬಗೆಯ ಅಂಗಾಂಶ ಹಾಗೂ ಕೋಶಗಳ ಪರೀಕ್ಷೆಯಿಂದ 17,294 ಜೀನುಗಳ ಪ್ರೋಟೀನುಗಳನ್ನು ಅದು ಗುರುತಿಸಿತು. ಜನ್ಮತಃ ಬರುವ ಪ್ರತಿರಕ್ಷಾ ಕೊರತೆಗಳ ಕುರಿತು ಏಷ್ಯಾದ ಮಾಹಿತಿಕೋಶವೊಂದನ್ನು ಜಪಾನಿನ ರಿಕೆನ್ ಸಂಸ್ಥೆಯ ಜೊತೆಗೂಡಿ ರೂಪಿಸಿದ ಲೇಖನ 2009ರಲ್ಲಿ ಪ್ರಕಟವಾಯಿತು.

ಮೂತ್ರಕ್ಕೆ ಸೂಜಿ ಬೇಡ, ಕತ್ತಿ ಬೇಡ. ಮಧುಮೇಹದಿಂದ ಮೂತ್ರಪಿಂಡ ಕೆಡಲು ಆರಂಭಿಸಿದಾಗ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಹೆಚ್ಚುವುದು ವೈದ್ಯರಿಗೆ ದೊರೆಯುವ ಮೊದಲ ಎಚ್ಚರಿಕೆಗಳಲ್ಲೊಂದು. ಹಿಂದೆ ಇರುವೆ, ಎಣ್ಣೆಯ ಹನಿಗಳಿಂದ ಕೇಳಿದ ಪ್ರಶ್ನೆಯನ್ನು ಈಗ ಯಂತ್ರ ಕೇಳುತ್ತಿದೆ. ಎರಡಕ್ಕೂ ನಡುವೆ ಸಿದ್ಧಾಂತದ ನಂಟಿಲ್ಲ. ಆದರೂ ನೋಯಿಸದೆ ಅರಿಯಬೇಕೆಂಬ ಆಸೆ ಒಂದೇ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಹಿಂಸೆಯ ಪರೀಕ್ಷೆ

ಎರಡನೆಯ ಪ್ರಶ್ನೆ ಹೆಚ್ಚು ಕಠಿನವಾದುದು. ಇನ್ಸುಲಿನ್ 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶೋಧಿತವಾಯಿತು. ಮುಂದಿನ ಆರು ದಶಕಗಳ ಕಾಲ ಅದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ದೊರೆಯುತ್ತಿತ್ತು. ಎರಡು ಟನ್ನಿಗೂ ಮಿಕ್ಕಿದ ಹಂದಿಯ ಅಂಗಗಳಿಂದ ಕಾಲು ಕಿಲೋಗ್ರಾಮಿಗಿಂತ ಕಡಮೆ ಶುದ್ಧ ಇನ್ಸುಲಿನ್ ಬರುತ್ತಿತ್ತು. ಮಾಂಸತ್ಯಾಗಿಯಾದ ಮಧುಮೇಹಿಯ ಪ್ರಾಣವು ಕಸಾಯಿಖಾನೆಯನ್ನು ಅವಲಂಬಿಸಿತ್ತು. ಉಗ್ರಾದಿತ್ಯ ನೃಪತುಂಗನ ಸಭೆಯಲ್ಲಿ ಎದುರಿಸಿದ ಸಮಸ್ಯೆ 20ನೆಯ ಶತಮಾನದಲ್ಲಿ ಇನ್ನಷ್ಟು ತೀಕ್ಷ್ಣವಾಗಿ ಮರಳಿತ್ತು. ಈ ಬಾರಿ ಮಾಂಸಮೂಲದ ಔಷಧ ನಿರುಪಯುಕ್ತವೆಂದು ವಾದಿಸುವಂತಿರಲಿಲ್ಲ, ಅದು ಪ್ರಾಣ ಉಳಿಸುತ್ತಿತ್ತು.

1982ರಲ್ಲಿ ಅಮೆರಿಕದಲ್ಲಿ, ಮಾನವ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದಲ್ಲಿರಿಸಿ ತಯಾರಿಸಿದ ಔಷಧಕ್ಕೆ ಅನುಮತಿ ದೊರೆಯಿತು. ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು 1978ರಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆ 2004ರಲ್ಲಿ ‘ಇನ್ಸುಜೆನ್’ ಹೆಸರಿನ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇದು ‘ಪಿಚಿಯಾ’ ಎಂಬ ಯೀಸ್ಟಿನಲ್ಲಿ ಉತ್ಪನ್ನವಾಗುತ್ತದೆ. ಕೊನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎದ್ದ ಎಲೆಕ್ಟ್ರಾನಿಕ್ ಸಿಟಿ ಮತ್ತು ಅದರಾಚೆಯ ಬೊಮ್ಮಸಂದ್ರ ಈ ಸಂಸ್ಥೆಯ ಕಾರ್ಯಕ್ಷೇತ್ರ. ಮೂತ್ರಪಿಂಡ ಕಸಿಯಾದವರ ದೇಹ ಹೊಸ ಅಂಗವನ್ನು ಪರಕೀಯವೆಂದು ತಿರಸ್ಕರಿಸದಂತೆ ಪ್ರತಿರಕ್ಷೆಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಔಷಧಗಳನ್ನೂ ಈ ಸಂಸ್ಥೆ ತಯಾರಿಸುತ್ತದೆ. ವ್ಯಾಧಿಕ್ಷಮತ್ವವನ್ನು ಹೆಚ್ಚಿಸುವುದನ್ನೇ ಗುರಿಯಾಗಿಸಿದ್ದ ಹಳೆಯ ವೈದ್ಯನಿಗೆ, ಅದನ್ನು ಬೇಕೆಂದೇ ಕುಗ್ಗಿಸುವ ಚಿಕಿತ್ಸೆ ಊಹೆಗೂ ನಿಲುಕದ್ದು.

ಹಾಗಾದರೆ ಉಗ್ರಾದಿತ್ಯನ ಕಟ್ಟಳೆ ಕೈಗೂಡಿತೆ? ಆತುರದ ಉತ್ತರ ಸಲ್ಲದು. ಅಮೃತಚಂದ್ರಾಚಾರ್ಯನ ‘ಪುರುಷಾರ್ಥಸಿದ್ಧ್ಯುಪಾಯ’ವು ಮದ್ಯವನ್ನು ನಿಷೇಧಿಸುವುದು ಕೇವಲ ಅಮಲಿನ ಕಾರಣಕ್ಕಲ್ಲ. ಹುಳಿತ ರಸವು ಅಸಂಖ್ಯ ಜೀವಗಳ ಯೋನಿ ಎಂಬುದೂ ಅದರ ವಾದ. ಯೀಸ್ಟನ್ನು ಬೆಳೆಸಿ ಇನ್ಸುಲಿನ್ ಪಡೆಯುವುದೂ ಹುದುಗಿಸುವ ಕ್ರಿಯೆಯೇ. ಆ ಸೂಕ್ಷ್ಮಜೀವಿಯನ್ನು ಏಕೇಂದ್ರಿಯವೆಂದು ಎಣಿಸಬೇಕೋ, ಶಾಸ್ತ್ರಗಳು ತ್ರಸಜೀವಗಳೊಳಗೆ ಸೇರಿಸುವ ರಸಜಗಳಲ್ಲಿ ಇಡಬೇಕೋ ಎಂಬುದು ವಿಚಾರಾರ್ಹ. ಔಷಧ ಸಂಶೋಧನೆಯಲ್ಲಿ ಪ್ರಾಣಿಪ್ರಯೋಗಗಳೂ ಪೂರ್ಣವಾಗಿ ನಿಂತಿಲ್ಲ. ಆದರೆ ಗೃಹಸ್ಥನ ಅಣುವ್ರತವು ಹಿಂಸೆಯ ತಾರತಮ್ಯವನ್ನು ಒಪ್ಪುತ್ತದೆ. ಪಂಚೇಂದ್ರಿಯ ಜೀವಿಯ ವಧೆಯಿಂದ ಸೂಕ್ಷ್ಮಜೀವಿಯ ಕೃಷಿಗೆ ಬಂದುದು ಆ ತಾರತಮ್ಯದಲ್ಲಿ ದೊಡ್ಡ ಇಳಿಕೆ. ಇದು ಜೈನಪ್ರಭಾವದಿಂದ ಆದುದಲ್ಲ. ವಿಜ್ಞಾನ ತನ್ನದೇ ಕಾರಣಗಳಿಂದ, ಪೂರೈಕೆ ಮತ್ತು ಶುದ್ಧತೆಯ ಅಗತ್ಯದಿಂದ, ಅಲ್ಲಿಗೆ ತಲುಪಿತು.

ಉಳಿದ ಪ್ರಶ್ನೆ

ಜಗದ್ದಳ ಸೋಮನಾಥನ ಹಿರಿಮೆ ಇರುವುದು ಮೂರನೆಯ ಪ್ರಶ್ನೆಯಲ್ಲಿ. ಪೂಜ್ಯಪಾದನ ವೈದ್ಯವನ್ನು ಆತ ಸುಮಾರು 1150ರಲ್ಲಿ ಕನ್ನಡಕ್ಕೆ ತಂದ. ಮದ್ಯ ಮಾಂಸ ಮಧುಗಳಿಲ್ಲದ ಚಿಕಿತ್ಸೆಯ ನಿಯಮವೂ ಅದರೊಂದಿಗೆ ಕನ್ನಡಕ್ಕೆ ಬಂತು. ಸಂಸ್ಕೃತದಲ್ಲಿ ಉಳಿದಿದ್ದರೆ ಪಂಡಿತರಿಗೆ ಸಾಕಾಗುತ್ತಿತ್ತು. ಕನ್ನಡಕ್ಕೆ ತಂದುದು ರೋಗಿಯ ಹತ್ತಿರಕ್ಕೆ ತಂದಂತೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಕೊನೆಯ ಎರಡೂ ಅಂಥ ಗ್ರಂಥದಲ್ಲಿ ಒಂದಾಗುತ್ತವೆ.

ಆಧುನಿಕ ಕಾಲದಲ್ಲಿಯೂ ಈ ಕೆಲಸ ನಿಂತಿಲ್ಲ. ‘ವೈದ್ಯಕ ಪದಗಳ ಹುಟ್ಟು ರಚನೆ’ ಬರೆದ ಡಾ. ಡಿ.ಎಸ್. ಶಿವಪ್ಪ, ‘ತಾಯಿ ಮಗು’ವಿನ ಡಾ. ಅನುಪಮಾ ನಿರಂಜನ, ಮಾನಸಿಕ ಆರೋಗ್ಯದ ಬಗೆಗೆ ವಿಪುಲವಾಗಿ ಬರೆದ ಡಾ. ಸಿ.ಆರ್. ಚಂದ್ರಶೇಖರ್ ಸೋಮನಾಥನ ದಾರಿಯಲ್ಲಿ ನಡೆದವರೇ. ಆದರೆ ವೈಟ್‌ಫೀಲ್ಡಿನ ಮೂತ್ರದ ನಕ್ಷೆ ಇಂಗ್ಲಿಷಿನಲ್ಲಿದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ಕಾರ್ಮಿಕನ ಕೈಗೆ ಬರುವ ಮೂತ್ರಪರೀಕ್ಷೆಯ ವರದಿಯೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅದರಲ್ಲಿ ಆಲ್ಬುಮಿನ್ ಎದುರಿಗೆ ಇರುವ ಎರಡು ಕೂಡುಗುರುತುಗಳ ಅರ್ಥ ತಿಳಿಯದಿದ್ದರೆ, ಹಣ ಕೊಟ್ಟು ಪಡೆದ ಮುನ್ಸೂಚನೆ ವ್ಯರ್ಥ. ಮೂತ್ರಪಿಂಡ ನೋವಿಲ್ಲದೆ ಕೆಡುವ ಅಂಗವಾದ್ದರಿಂದ ಆ ಅಜ್ಞಾನಕ್ಕೆ ತೆರಬೇಕಾದ ಬೆಲೆ ಡಯಾಲಿಸಿಸ್ ಆಗಬಹುದು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ಕನ್ನಡ ವಿದ್ಯಾರ್ಥಿಗಳು ಅಭಿಮಾನದಿಂದ ಓದುತ್ತಾರೆ. ಶಾಸ್ತ್ರದಾನವೆಂದರೆ ಕಾವ್ಯದ ಪ್ರತಿ ಮಾತ್ರವಲ್ಲವೆಂದು ಸೋಮನಾಥ ತೋರಿಸಿಕೊಟ್ಟ. ಹಳಗನ್ನಡ ಬಲ್ಲ ಸಂಶೋಧಕರು ವೈದ್ಯಗ್ರಂಥಗಳ ಪರಿಭಾಷೆಯನ್ನು ಸಂಗ್ರಹಿಸಿ, ಅದರಲ್ಲಿ ಇಂದಿಗೆ ಒದಗುವ ಪದಗಳನ್ನು ಪ್ರಯೋಗಾಲಯದವರ ಮತ್ತು ವೈದ್ಯರ ಮುಂದಿಡುವುದು ಸಾಧ್ಯವಾದ ಕೆಲಸ. ಒಂದು ಮೂತ್ರಪರೀಕ್ಷೆಯ ವರದಿ ತಿಳಿಯಾದ ಕನ್ನಡದಲ್ಲಿ ಬರುವುದರಿಂದ ಆ ಕೆಲಸ ಆರಂಭವಾಗಬಹುದು.