ಕಡವು ಕಾಯುತ್ತಿದ್ದ ಹುಡುಗ

ಬಾಜಿ ರಾವುತ್ ಎಂಬ ಹೆಸರು ನನಗೆ ಮೊದಲು ಸಿಕ್ಕಿದ್ದು ಇತಿಹಾಸದ ಪುಸ್ತಕದಲ್ಲಲ್ಲ, ಒಂದು ಕವಿತೆಯ ಶೀರ್ಷಿಕೆಯಾಗಿ. 1986ರ ಜ್ಞಾನಪೀಠ ಪ್ರಶಸ್ತಿ ಪಡೆದ ಒಡಿಯಾ ಕವಿ ಸಚಿ ರಾವುತರಾಯ್ ಅವರ ಬಗ್ಗೆ ಓದುತ್ತಿದ್ದಾಗ ಅವರ ಆರಂಭದ ದಿನಗಳ ಈ ನೀಳ್ಗವಿತೆಯ ಪ್ರಸ್ತಾಪ ಬಂತು. ಕವಿಯ ಹೆಸರಿಗೂ ಕವಿತೆಯ ಹೆಸರಿಗೂ ಇದ್ದ ಹೋಲಿಕೆ ನೋಡಿ, ಇದು ಅವರ ಮನೆತನದ ಯಾರೋ ಹಿರಿಯರ ಕತೆಯಿರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು: ಬಾಜಿ ಕವಿಯ ಹಿರಿಯನಲ್ಲ, ಕವಿಗಿಂತ ಹತ್ತು ವರ್ಷ ಚಿಕ್ಕವನು. ಸತ್ತಾಗ ಅವನಿಗೆ ಹನ್ನೆರಡು ತುಂಬಿ ಒಂದು ವಾರವೂ ಆಗಿರಲಿಲ್ಲ.

ಈಗ ಆ ಹೆಸರನ್ನು ಹುಡುಕಿದರೆ ಸಿಗುವುದು ಬಹುಪಾಲು ಒಂದೇ ವಾಕ್ಯ: 'ಭಾರತದ ಅತ್ಯಂತ ಕಿರಿಯ ಹುತಾತ್ಮ.' ಈ ವಾಕ್ಯದಲ್ಲಿ ಸುಳ್ಳೇನಿಲ್ಲದಿರಬಹುದು. ಆದರೆ ಅದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಆ ಹುಡುಗ ಅಂದು ರಾತ್ರಿ ನದಿಯ ದಡದಲ್ಲಿ ಯಾಕೆ ಇದ್ದ? ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು? ಅವನ ಜೊತೆಗೆ ಯಾರಿದ್ದರು? 'ಕಿರಿಯ' ಎಂಬ ವಿಶೇಷಣ ಈ ಪ್ರಶ್ನೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬಾಜಿ ಹುತಾತ್ಮನಾಗುವ ಮೊದಲು ಒಂದು ಸಂಘಟನೆಯ ಸದಸ್ಯನಾಗಿದ್ದ. ಅವನನ್ನು ನೆನೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕು ಎನ್ನಿಸುತ್ತದೆ.

ಒಡಿಶಾದ ಒಳನಾಡಿನಲ್ಲಿ, ಬೆಟ್ಟ ಕಾಡುಗಳ ನಡುವೆ, ಬ್ರಿಟಿಷರ ಕಾಲದಲ್ಲಿ ಇಪ್ಪತ್ತಾರು ಸಣ್ಣಪುಟ್ಟ ಸಂಸ್ಥಾನಗಳಿದ್ದವು. ಇವನ್ನು ಒಟ್ಟಾಗಿ 'ಗಡಜಾತ್' ಎನ್ನುತ್ತಿದ್ದರು. ಕಟಕ್, ಪುರಿಯ ಕರಾವಳಿ ಬಯಲು ನೇರವಾಗಿ ಬ್ರಿಟಿಷರ ಕೈಯಲ್ಲಿತ್ತು. ಗಡಜಾತಿನಲ್ಲಿ ರಾಜರು, ರಾಜರ ಮೇಲೆ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್. ಢೆಂಕಾನಾಲ್ ಇಂಥದೊಂದು ಸಂಸ್ಥಾನ. 1930ರ ದಶಕದಲ್ಲಿ ಅಲ್ಲಿನ ದೊರೆ ಶಂಕರ ಪ್ರತಾಪ ಸಿಂಹದೇವ್.

ಗಡಜಾತಿನ ರೈತನಿಗೆ ಕಂದಾಯ ಕಟ್ಟಿದರೆ ಮುಗಿಯುತ್ತಿರಲಿಲ್ಲ. ರಾಜನ ಮನೆಯ ಮದುವೆ ಮುಂಜಿಗಳಿಗೆ ಕಾಣಿಕೆ ಕೊಡಬೇಕು. ಅಧಿಕಾರಿಗಳು ಊರಿಗೆ ಬಂದರೆ ಅಕ್ಕಿ, ತುಪ್ಪ, ಕೋಳಿ ಒದಗಿಸಬೇಕು. ಅದಕ್ಕೆ 'ರಸದ್' ಎಂದು ಹೆಸರು. ಬೇಟೆಗೆ, ರಸ್ತೆಗೆ, ಅರಮನೆಯ ಕೆಲಸಕ್ಕೆ ಕೂಲಿಯಿಲ್ಲದೆ ದುಡಿಯಬೇಕು, ಅದು 'ಬೇಠಿ'. ಈ ಪದ ನಮಗೆ ಹೊಸದಲ್ಲ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ನಮ್ಮ 'ಬಿಟ್ಟಿ' ಇದರ ಅಕ್ಕತಂಗಿ. ಬಿಟ್ಟಿ ಎಂದರೆ ಇಂದು ನಮಗೆ ಪುಕ್ಕಟೆ ಸಿಕ್ಕಿದ್ದು. ಹಿಂದೆ ಅದು ಪುಕ್ಕಟೆ ಕಿತ್ತುಕೊಂಡ ದುಡಿಮೆಯಾಗಿತ್ತು. ಪಡೆದವನ ಅರ್ಥ ಭಾಷೆಯಲ್ಲಿ ಉಳಿಯಿತು, ಕೊಟ್ಟವನ ಅರ್ಥ ಅಳಿಸಿಹೋಯಿತು.

ಈ ಬೇಠಿಯ ವಿರುದ್ಧ ಢೆಂಕಾನಾಲಿನಲ್ಲಿ ಹುಟ್ಟಿದ್ದು ಪ್ರಜಾಮಂಡಲ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಹರಮೋಹನ ಪಟ್ನಾಯಕ್ ಮತ್ತು ವೈಷ್ಣವ ಚರಣ ಪಟ್ನಾಯಕ್. ವೈಷ್ಣವ ಚರಣರು ರೈಲ್ವೆಯಲ್ಲಿ ಬಣ್ಣ ಬಳಿಯುವ ಕೆಲಸಕ್ಕಿದ್ದವರು. ಆ ನೌಕರಿಯ ಪಾಸಿನಿಂದ ಊರೂರು ತಿರುಗಿ ಸಂಘ ಕಟ್ಟಿದರು. ಜನ ಅವರನ್ನು 'ವೀರ ವೈಷ್ಣವ' ಎಂದು ಕರೆದರು. ಕಟಕ್ಕಿನಲ್ಲಿದ್ದ ಸಮಾಜವಾದಿಗಳಾದ ನವಕೃಷ್ಣ ಚೌಧುರಿ ಮತ್ತು ಅವರ ಹೆಂಡತಿ, ಶಾಂತಿನಿಕೇತನದಲ್ಲಿ ಓದಿ ಬಂದ ಮಾಲತಿ ಚೌಧುರಿ, ಗಡಜಾತಿನ ಈ ಚಳವಳಿಗಳ ಬೆನ್ನಿಗೆ ನಿಂತರು.

ಪ್ರಜಾಮಂಡಲಕ್ಕೆ ಮಕ್ಕಳದೊಂದು ದಳವಿತ್ತು: ವಾನರ ಸೇನೆ. ಹೆಸರು ಅವರು ಹೊಸದಾಗಿ ಇಟ್ಟದ್ದಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೇ ದೇಶದ ಹಲವು ಕಡೆ ಮಕ್ಕಳ ವಾನರ ಸೇನೆಗಳಿದ್ದವು. ಅಲಹಾಬಾದಿನಲ್ಲಿ ಬಾಲಕಿ ಇಂದಿರಾ ಅಂಥದೊಂದನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಪೇಟೆಯ ವಾನರ ಸೇನೆಗೂ ಗಡಜಾತಿನ ಹಳ್ಳಿಯ ವಾನರ ಸೇನೆಗೂ ವ್ಯತ್ಯಾಸವಿದೆ. ಕಾಡುದಾರಿ, ಹೊಳೆ, ಹೊಲದ ಬದುಗಳ ನಡುವೆ ಸುದ್ದಿ ಮುಟ್ಟಿಸುವುದಕ್ಕೆ ಅಲ್ಲಿ ಮಕ್ಕಳ ಕಾಲೇ ಅಂಚೆ, ಮಕ್ಕಳ ಕಣ್ಣೇ ಕಾವಲು. ದೊಡ್ಡವರು ಗುಂಪುಗೂಡಿದರೆ ಸಂಶಯ ಬರುತ್ತದೆ. ದನ ಕಾಯುವ ಹುಡುಗ ಎಲ್ಲಿ ಬೇಕಾದರೂ ನಿಲ್ಲಬಹುದು.

ಬ್ರಾಹ್ಮಣಿ ನದಿಯ ದಡದಲ್ಲಿ, ಭುಬನ್ ಎಂಬ ದೊಡ್ಡ ಊರಿನ ಬಳಿ, ನೀಲಕಂಠಪುರ ಎಂಬ ಹಳ್ಳಿಯಿದೆ. 1926ರ ಅಕ್ಟೋಬರ್ 5ರಂದು ಬಾಜಿ ಹುಟ್ಟಿದ್ದು ಅಲ್ಲಿ. ಮನೆಗೆ ಕೊನೆಯ ಮಗ. ತಂದೆ ಹರಿ ರಾವುತ್ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ಅಕ್ಕಪಕ್ಕದವರ ಮನೆಯಲ್ಲಿ ಭತ್ತ ಕುಟ್ಟಿ ಮಕ್ಕಳನ್ನು ಸಾಕಿದರು. ಅವನ ಬಾಲ್ಯದ ಬಗ್ಗೆ ಹೇಳಲು ಇಷ್ಟು ಸಾಕು. ಇದು ಆ ಕಾಲದ ಸಾವಿರಾರು ಹಳ್ಳಿ ಮಕ್ಕಳ ಬಾಲ್ಯ. ಇಂಥ ಮನೆಯ ಹುಡುಗನಿಗೆ ಬೇಠಿ ಎಂದರೇನು ಎಂದು ಯಾರೂ ಭಾಷಣ ಮಾಡಿ ತಿಳಿಸಬೇಕಿರಲಿಲ್ಲ.

1938 ಸಂಸ್ಥಾನಗಳ ಪ್ರಜೆಗಳಿಗೆ ದೇಶದ ತುಂಬ ಬಿಸಿಯಾದ ವರ್ಷ. ಫೆಬ್ರವರಿಯ ಹರಿಪುರ ಅಧಿವೇಶನದಲ್ಲಿ, ಸಂಸ್ಥಾನಗಳ ಹೋರಾಟವನ್ನು ಅಲ್ಲಿನ ಜನರೇ ತಮ್ಮ ಸಂಘಟನೆಗಳ ಮೂಲಕ ನಡೆಸಬೇಕು, ಕಾಂಗ್ರೆಸ್ಸಿನ ಹೆಸರಿನಲ್ಲಿ ಅಲ್ಲ ಎಂದು ಕಾಂಗ್ರೆಸ್ ಹೇಳಿತು. ಏಪ್ರಿಲ್‌ನಲ್ಲಿ ನಮ್ಮ ಮೈಸೂರು ಸಂಸ್ಥಾನದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಸರ್ದಾರ್ ಪಟೇಲರು ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆಯಾಯಿತು, ಒಂದು ಒಪ್ಪಂದವಾಯಿತು. ಮೈಸೂರಿನಲ್ಲಿ ಸತ್ತವರ ಸುದ್ದಿ ದೇಶಕ್ಕೆ ಮುಟ್ಟುವಷ್ಟು ಪತ್ರಿಕೆಗಳಿದ್ದವು, ಮಾತಾಡಲು ಒಬ್ಬ ದಿವಾನರಿದ್ದರು. ಢೆಂಕಾನಾಲಿನ ಹಳ್ಳಿಗೆ ಇವೆರಡೂ ದೂರದ ಮಾತು.

ಸೆಪ್ಟೆಂಬರ್ ಹೊತ್ತಿಗೆ ಢೆಂಕಾನಾಲಿನಲ್ಲಿ ಪ್ರಜಾಮಂಡಲದ ಚಳವಳಿ ದೊಡ್ಡದಾಯಿತು. ನಾಯಕರ ಬಂಧನವಾಯಿತು. ರಾಜನ ಪೊಲೀಸರ ಜೊತೆಗೆ ಹೊರಗಿನಿಂದ ಪಡೆಗಳೂ ಬಂದವು. ಅಕ್ಟೋಬರ್ 10ರಂದು ಭುಬನ್‌ನಲ್ಲಿ ಕೆಲವರನ್ನು ಹಿಡಿದು ಒಯ್ದಾಗ ಅವರನ್ನು ಬಿಡಿಸಲು ಜನ ಸೇರಿದರು, ಗುಂಡು ಹಾರಿತು. ಆ ರಾತ್ರಿ ಪಡೆಯ ಒಂದು ತುಕಡಿ ನದಿ ದಾಟಲು ನೀಲಕಂಠಪುರದ ಕಡವಿಗೆ ಬಂತು. ದೋಣಿ ಅಲ್ಲಿತ್ತು. ದೋಣಿಯ ಕಾವಲಿಗೆ ವಾನರ ಸೇನೆಯ ಹುಡುಗನಿದ್ದ.

ನದಿ ದಾಟಿಸು ಎಂದು ಅವರು ಹೇಳಿದರು. ಬಾಜಿ ಒಪ್ಪಲಿಲ್ಲ. ಬಂದೂಕಿನ ಹಿಡಿಯಿಂದ ತಲೆಗೆ ಹೊಡೆದರು. ಬಿದ್ದವನು ಕೂಗಿದ, ಊರು ಎದ್ದು ಬಂತು, ಮತ್ತೆ ಗುಂಡು ಹಾರಿತು. ಬೆಳಗಾಗುವಷ್ಟರಲ್ಲಿ, ಅಂದರೆ ಅಕ್ಟೋಬರ್ 11ಕ್ಕೆ, ಹುಡುಗ ಇರಲಿಲ್ಲ. ಆಮೇಲೆ ಬಂದ ನಾಟಕಗಳು, ಲೇಖನಗಳು ಅವನ ಬಾಯಲ್ಲಿ ದೊಡ್ಡ ದೊಡ್ಡ ಮಾತುಗಳನ್ನು ಇಟ್ಟಿವೆ. ನನಗೆ ಆ ಮಾತುಗಳು ಬೇಕೆನಿಸುವುದಿಲ್ಲ. ಹನ್ನೆರಡು ವರ್ಷದ ಹುಡುಗ, ಕತ್ತಲೆ, ಎದುರಿಗೆ ಬಂದೂಕು ಹಿಡಿದವರು. ಅಲ್ಲಿ 'ಇಲ್ಲ' ಎನ್ನುವುದಕ್ಕಿಂತ ದೊಡ್ಡ ಮಾತು ಯಾವುದಿದೆ?

ಕನ್ನಡದವರಿಗೆ ಅಂಬಿಗ ಎಂದರೆ ದಾಟಿಸುವವನು. ನಮ್ಮ ದಾಸರು, ಶರಣರು ದೇವರನ್ನೂ ಗುರುವನ್ನೂ ಅಂಬಿಗನಾಗಿ ಕಂಡಿದ್ದಾರೆ. ದಾಟಿಸುವುದೇ ಅವನ ಧರ್ಮ. ಇಲ್ಲಿ ದಾಟಿಸದೆ ಇರುವುದು ಧರ್ಮವಾಯಿತು. ಇನ್ನೊಂದು ಮಾತೂ ಹೊಳೆಯುತ್ತದೆ. ರಾಮಾಯಣದ ವಾನರ ಸೇನೆ ಒಂದು ಪಡೆ ದಾಟಲೆಂದು ಸೇತುವೆ ಕಟ್ಟಿತು. ನೀಲಕಂಠಪುರದ ವಾನರ ಸೇನೆ ಒಂದು ಪಡೆ ದಾಟಬಾರದೆಂದು ದೋಣಿ ಹಿಡಿದು ಕೂತಿತು.

ಅವನೊಬ್ಬನೇ ಸಾಯಲಿಲ್ಲ. ಆ ದಿನಗಳ ಗುಂಡಿಗೆ ಬಲಿಯಾದವರಲ್ಲಿ ಲಕ್ಷ್ಮಣ ಮಲಿಕ್, ಫಗು ಸಾಹು, ಹೃಷಿ ಪ್ರಧಾನ್, ನಟ ಮಲಿಕ್, ರಘು ನಾಯಕ್, ಗುರಿ ನಾಯಕ್ ಇದ್ದಾರೆ. ಈ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಇವು ಒಂದೇ ಜಾತಿಯ, ಒಂದೇ ಮನೆತನದ ಹೆಸರುಗಳಲ್ಲ. ಬೇಠಿ ಎಲ್ಲರಿಗೂ ಇತ್ತು, ಹಾಗಾಗಿ ಸಂಘವೂ ಎಲ್ಲರದಾಗಿತ್ತು. 'ಕಿರಿಯ ಹುತಾತ್ಮ' ಎಂಬ ಪೀಠದ ಮೇಲೆ ಬಾಜಿಯನ್ನು ಒಂಟಿಯಾಗಿ ಕೂರಿಸಿದಾಗ ಈ ಹೆಸರುಗಳು ಕೆಳಗೆ ಬೀಳುತ್ತವೆ. ಅವನ ಕೂಗು ಕೇಳಿ ಓಡಿಬಂದ ಊರೂ ಬೀಳುತ್ತದೆ.

ಶವಗಳನ್ನು ವೈಷ್ಣವ ಪಟ್ನಾಯಕರು ರೈಲಿನಲ್ಲಿ ಕಟಕ್ಕಿಗೆ ತಂದರು. ರಾಜನ ಗಡಿಯಾಚೆ, ಬೀದಿಯಲ್ಲಿ, ಜನ ನೋಡಬೇಕಿತ್ತು. ಮೆರವಣಿಗೆ ನಗರದಲ್ಲಿ ಸಾಗಿ ಖಾನ್ ನಗರದ ಸ್ಮಶಾನದಲ್ಲಿ ಮುಗಿಯಿತು. ಸಚಿ ರಾವುತರಾಯ್ ಅವರಿಗೆ ಆಗ ಇಪ್ಪತ್ತೆರಡು. ಆ ಸಾವು ಅವರಿಂದ ಕವಿತೆಯನ್ನು ಬರೆಸಿತು. 1942ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಹರೀಂದ್ರನಾಥ ಚಟ್ಟೋಪಾಧ್ಯಾಯ. ನಮ್ಮ ಮಂಗಳೂರಿನ ಕಮಲಾದೇವಿಯವರನ್ನು ಮದುವೆಯಾಗಿದ್ದ ಅದೇ ಕವಿ. ಗಡಜಾತಿನ ಒಂದು ಕಡವಿನ ಸುದ್ದಿ ಒಡಿಯಾ ದಾಟಿ ದೇಶದ ಓದುಗರಿಗೆ ಮುಟ್ಟಿದ್ದು ಹೀಗೆ.

ಇಲ್ಲಿಗೆ ಬಂದಾಗ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ದೊಡ್ಡವರು ಹನ್ನೆರಡರ ಹುಡುಗನನ್ನು ರಾತ್ರಿ ಕಾವಲಿಗೆ ಬಿಟ್ಟದ್ದು ಸರಿಯೇ? ಮಕ್ಕಳ ಮೇಲೆ ಕೈ ಮಾಡಲಾರರು ಎಂಬ ನಂಬಿಕೆ ಆ ಕಾಲದ ಹಲವು ಊರುಗಳಲ್ಲಿತ್ತು. 1942ರಲ್ಲಿ ನಮ್ಮ ಶಿಕಾರಿಪುರ ತಾಲೂಕಿನ ಈಸೂರು ತನ್ನದೇ ಸರ್ಕಾರ ಘೋಷಿಸಿಕೊಂಡಾಗ ಇಬ್ಬರು ಹುಡುಗರನ್ನು, ಜಯಣ್ಣ ಮತ್ತು ಮಲ್ಲಪ್ಪ, ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಮಾಡಿದರು. ಮಕ್ಕಳನ್ನು ಕಾನೂನು ಜೈಲಿಗೆ ಹಾಕುವುದಿಲ್ಲ ಎಂಬ ಲೆಕ್ಕ ಅದರ ಹಿಂದಿತ್ತು ಎನ್ನುತ್ತಾರೆ. ಈಸೂರಿನಲ್ಲಿ ಮಕ್ಕಳು ಉಳಿದರು, ದೊಡ್ಡವರಲ್ಲಿ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದರು. ನೀಲಕಂಠಪುರದಲ್ಲಿ ಆ ಲೆಕ್ಕ ಕಡವಿನಲ್ಲೇ ತಪ್ಪಿತು.

ತಪ್ಪು ಕೊಂದವರದು, ಅದರಲ್ಲಿ ಅನುಮಾನವಿಲ್ಲ. ಆದರೂ ಪ್ರಶ್ನೆ ಹಾಗೇ ಉಳಿಯುತ್ತದೆ, ಉಳಿಯಬೇಕು ಕೂಡ. ಅದನ್ನು ಕೇಳಿಕೊಳ್ಳದ ನೆನಪು ಮಕ್ಕಳ ಸಾವನ್ನು ಬರೀ ಹೆಮ್ಮೆಯ ವಿಷಯ ಮಾಡಿಬಿಡುತ್ತದೆ. ಅವನ ತಾಯಿಗೆ ಅದು ಹೆಮ್ಮೆಯ ವಿಷಯ ಮಾತ್ರ ಆಗಿರಲು ಸಾಧ್ಯವಿಲ್ಲ.

ಆ ಕಾಲದವರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಒಳಗೊಳಗೇ ಕೇಳಿಕೊಂಡಿದ್ದರು ಎಂದು ನನಗೆ ಅನ್ನಿಸುವುದು ಮಾಲತಿ ಚೌಧುರಿಯವರನ್ನು ನೋಡಿದಾಗ. ಬಾಜಿ ಸತ್ತ ಮೂರೇ ತಿಂಗಳಲ್ಲಿ ಇನ್ನೊಂದು ಸಂಸ್ಥಾನ ರಣಪುರದಲ್ಲಿ ಗುಂಪು ಪೊಲಿಟಿಕಲ್ ಏಜೆಂಟ್ ಬೆಝಲ್‌ಗೆಟ್ಟನನ್ನು ಕೊಂದಿತು. ರಘುನಾಥ ಮತ್ತು ದಿವಾಕರರಿಗೆ 1941ರಲ್ಲಿ ಗಲ್ಲಾಯಿತು. ತಾಲ್ಚೇರಿನ ಸಾವಿರಾರು ಜನ ರಾಜನ ಕಾಟ ತಾಳಲಾರದೆ ಮನೆಮಠ ಬಿಟ್ಟು ಬ್ರಿಟಿಷ್ ಆಡಳಿತದ ಅಂಗುಲ್‌ಗೆ ವಲಸೆ ಬಂದರು. ಈ ನಿರಾಶ್ರಿತರ ನಡುವೆ ದುಡಿದವರು ಮಾಲತಿ. 1946ರಲ್ಲಿ ಅವರು ಅದೇ ಅಂಗುಲ್‌ನಲ್ಲಿ ಒಂದು ವಿದ್ಯಾರ್ಥಿನಿಲಯ ತೆರೆದರು: 'ಬಾಜಿ ರಾವುತ್ ಛಾತ್ರಾವಾಸ'. ಹೋರಾಟಗಾರರ ಮಕ್ಕಳು, ಆದಿವಾಸಿಗಳು, ದಲಿತರು, ಕಡುಬಡವರ ಮಕ್ಕಳು ಅಲ್ಲಿ ಉಂಡು ಓದಿದರು.

ಎರಡು ವರ್ಷದೊಳಗೆ, 1948ರ ಜನವರಿ 1ರಂದು, ಢೆಂಕಾನಾಲ್ ಒಡಿಶಾದಲ್ಲಿ ವಿಲೀನವಾಯಿತು. ಪಟೇಲರು ಕಟಕ್ಕಿಗೆ ಬಂದು ಗಡಜಾತಿನ ರಾಜರಿಂದ ಸಹಿ ಪಡೆದಿದ್ದರು. ಪಠ್ಯಪುಸ್ತಕದಲ್ಲಿ ವಿಲೀನವೆಂದರೆ ಒಂದು ಮೇಜು, ಕೆಲವು ಸಹಿಗಳು. ಆ ಮೇಜಿನ ಹಿಂದೆ ಹತ್ತು ವರ್ಷಗಳ ಪ್ರಜಾಮಂಡಲವಿತ್ತು, ಅದರ ಹಿಂದೆ ಒಂದು ಕಡವು.

ಬಾಜಿಯ ಪ್ರತಿಮೆಗಳಿವೆ, ಅವನ ದಿನಾಚರಣೆ ನಡೆಯುತ್ತದೆ. ಅವೆಲ್ಲ ಇರಲಿ. ಆದರೆ ನನಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಆ ವಿದ್ಯಾರ್ಥಿನಿಲಯ. ಅವನಿಗೆ ಅಂದು ಇಲ್ಲದಿದ್ದದ್ದು ಅಲ್ಲಿತ್ತು: ಓದಲು ಪುಸ್ತಕ, ಹೊತ್ತುಹೊತ್ತಿಗೆ ಊಟ, ರಾತ್ರಿ ಕಾವಲಿಲ್ಲದೆ ಮಲಗಲು ಒಂದು ಸೂರು.