ಹರಾಜಿನ ಆಟ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ರೈತ ಗೂಡು ಸುರಿಯುತ್ತಾನೆ, ಲಾಟ್ ನಂಬರ್ ಬೀಳುತ್ತದೆ, ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಬಿಡ್ ಹಾಕುತ್ತಾರೆ. 2022ರ ಜನವರಿ 1ರಂದು ಇದೇ ಪದ ಬೇರೊಂದು ಸುದ್ದಿಯಲ್ಲಿ ಬಂತು. ಗಿಟ್‌ಹಬ್ ತಾಣದಲ್ಲಿ 'ಬುಲ್ಲಿ ಬಾಯಿ' ಅನ್ನೋ ಆ್ಯಪ್. ಬಟನ್ ಒತ್ತಿದರೆ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರಲ್ಲಿ ಒಬ್ಬರ ಫೋಟೊ, ಹರಾಜಿಗಿದ್ದಾಳೆ ಎಂಬಂತೆ. ನಿಜವಾಗಿ ಯಾವ ಮಾರಾಟವೂ ಇರಲಿಲ್ಲ. ಅವಮಾನ ಮಾಡುವುದೇ ಆಟ.

ಇದು ವಿಡಿಯೊ ಗೇಮ್ ಅಲ್ಲ ಅನ್ನಬಹುದು. ಆದರೆ ಒತ್ತು, ಅದೃಷ್ಟ ನೋಡು, ಮತ್ತೆ ಒತ್ತು ಅನ್ನುವುದು ಗೇಮಿನ ಲೆಕ್ಕಾಚಾರವೇ. ಅದಕ್ಕೇ ಇದನ್ನು ಧರ್ಮ ಮತ್ತು ಗೇಮುಗಳ ಹಳೆಯ ಜಗಳದ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ.

2002ರಲ್ಲಿ ಬಂದ 'ಹಿಟ್‌ಮ್ಯಾನ್ 2' ಗೇಮಿನ ಒಂದು ಹಂತ ನಡೆಯುವುದು ಪಂಜಾಬಿನಲ್ಲಿ. ಸ್ವರ್ಣಮಂದಿರವನ್ನು ಹೋಲುವ ಕಟ್ಟಡದೊಳಗೆ ಪೇಟ ಸುತ್ತಿದವರನ್ನು ಗುಂಡಿಟ್ಟು ಕೊಲ್ಲುತ್ತಾ ಹೋಗಬೇಕು. 1984 ಕಂಡ ಸಿಖ್ಖರಿಗೆ ಅದು ಹೇಗೆ ಕಂಡಿರಬೇಡ! ಪ್ರತಿಭಟನೆಯಾಯಿತು, ಕಂಪನಿ ಆ ಭಾಗವನ್ನು ಬದಲಿಸಿತು. 2008ರಲ್ಲಿ ಸೋನಿಯ 'ಲಿಟಲ್ ಬಿಗ್ ಪ್ಲಾನೆಟ್' ಗೇಮಿನ ಹಿನ್ನೆಲೆ ಹಾಡೊಂದರಲ್ಲಿ ಕುರಾನಿನ ಪದಗಳಿದ್ದವು. ಹಾಡು ಮಾಲಿ ದೇಶದ ತುಮಾನಿ ದಿಯಾಬಾತೆ ಅವರದು, ಅವರೂ ಮುಸ್ಲಿಮರೇ. ಆದರೂ ಸೋನಿ ಬಿಡುಗಡೆಯನ್ನೇ ಮುಂದೂಡಿ ಹಾಡಿನ ಮಾತು ತೆಗೆಯಿತು. ಮರುವರ್ಷ ಹೈದರಾಬಾದಿನಲ್ಲೇ ತಯಾರಾದ ಹನುಮಂತನ ಗೇಮಿಗೆ ಅಮೆರಿಕದ ಹಿಂದೂ ಮುಖಂಡರೊಬ್ಬರು ತಕರಾರು ತೆಗೆದರು. ಪೂಜಿಸುವ ದೇವರನ್ನು ರಿಮೋಟಿನಲ್ಲಿ ಆಡಿಸುವುದೇ ತಪ್ಪು ಎಂಬುದು ಅವರ ವಾದ. ನನಗೆ ಇದು ಅತಿಯಾಯಿತು ಅನ್ನಿಸುತ್ತದೆ. ನಮ್ಮೂರ ತೊಗಲುಗೊಂಬೆಯವರು ಹನುಮಂತನನ್ನು ಕಡ್ಡಿಯಲ್ಲಿ ಕುಣಿಸಿಲ್ಲವೇ?

ಇವೆಲ್ಲ ಎಡವಟ್ಟುಗಳು, ಇಲ್ಲವೇ ಭಿನ್ನಾಭಿಪ್ರಾಯಗಳು. 2008ರದೇ ಇನ್ನೊಂದು ಗೇಮ್ ಬೇರೆ ಜಾತಿಯದು. ಹೆಸರೇ 'ಮುಸ್ಲಿಂ ಮಸ್ಸಾಕರ್', ಅಂದರೆ ಮುಸ್ಲಿಮರ ಕಗ್ಗೊಲೆ. ಪುಕ್ಕಟೆ ಗೇಮ್, ಕಂಪನಿ ಇಲ್ಲ, ಮಾರುಕಟ್ಟೆಯ ಭಯವೂ ಇಲ್ಲ.

ಈ ವ್ಯತ್ಯಾಸ ನಮ್ಮ ಕಾನೂನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಲಾಹೋರಿನಲ್ಲಿ ಪ್ರವಾದಿಯ ಬಗ್ಗೆ ಬಂದ ಕಿರುಹೊತ್ತಿಗೆಯೊಂದರ ಪ್ರಕಾಶಕ ಹೈಕೋರ್ಟಿನಲ್ಲಿ ಬಿಡುಗಡೆಯಾದ ಮೇಲೆ, 1927ರಲ್ಲಿ ಬ್ರಿಟಿಷರು 295ಎ ಕಲಂ ತಂದರು. 'ಉದ್ದೇಶಪೂರ್ವಕ, ದುರುದ್ದೇಶದ' ಅವಮಾನವಷ್ಟೇ ಅಪರಾಧ. ಇವತ್ತು ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ. ಆದರೆ ಬೀದಿಯಲ್ಲಿ ಸಿಟ್ಟು ತಿರುಗುವುದು ವಿಳಾಸ ಇದ್ದವರ ಮೇಲೆ. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಒಂದು ಸಣ್ಣಕಥೆಗೆ ಬೆಂಗಳೂರು ಹೊತ್ತಿಕೊಂಡಿತ್ತು. ಪತ್ರಿಕೆಗೆ ಕಚೇರಿ ಇತ್ತು, ಅದು ಕ್ಷಮೆಯನ್ನೂ ಕೇಳಿತು. ಹೆಸರಿಲ್ಲದ ಆ್ಯಪಿನ ಕ್ಷಮೆ ಕೇಳುವವರು ಯಾರು?

ಬುಲ್ಲಿ ಬಾಯಿ ಮೊದಲನೆಯದಲ್ಲ. 2021ರ ಜುಲೈನಲ್ಲೇ 'ಸುಲ್ಲಿ ಡೀಲ್ಸ್' ಬಂದಿತ್ತು, ಇದೇ ತಾಣ, ಇದೇ ವಿಧಾನ. ದಿಲ್ಲಿಯಲ್ಲಿ ಎಫ್ಐಆರ್ ಆಯಿತು, ಆರು ತಿಂಗಳು ಒಬ್ಬರ ಬಂಧನವೂ ಆಗಲಿಲ್ಲ. ಎರಡನೆಯ ಆ್ಯಪಿನಲ್ಲಿ ತಮ್ಮ ಫೋಟೊ ಕಂಡ ದಿಲ್ಲಿಯ ಪತ್ರಕರ್ತೆಯೊಬ್ಬರು ಅದೇ ದಿನ ದೂರು ಕೊಟ್ಟರು. ಆಮೇಲೆ ಮುಂಬೈ ಪೊಲೀಸರು ಮೊದಲು ಹಿಡಿದದ್ದು ಬೆಂಗಳೂರಿನಲ್ಲಿ ಓದುತ್ತಿದ್ದ 21ರ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ನಂತರ ಉತ್ತರಾಖಂಡ, ಅಸ್ಸಾಂ, ಇಂದೋರ್. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಗೌರಿಬಿದನೂರಿನಿಂದ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತುವ ಹುಡುಗರೂ ಅದೇ ವಯಸ್ಸಿನವರು. ಆ ವಾರ ನಾನು ಚಿಕ್ಕಬಳ್ಳಾಪುರದ ಎರಡು ಕಾಲೇಜುಗಳ ಹತ್ತಿರ ಕೇಳಿದಾಗ ಹೆಚ್ಚಿನವರು 'ಅದು ಮೀಮು ಸಾರ್' ಅಂದರು.

ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದ ಚಿಂತಾಮಣಿಯ ಗೆಳತಿಯೊಬ್ಬಳಿದ್ದಾಳೆ. ಮುರುಗಮಲ್ಲದ ದರ್ಗಾದ ಉರುಸಿಗೆ ಹಿಂದೂಗಳೂ ಹರಕೆ ಹೊತ್ತು ಬರುವುದರ ಬಗ್ಗೆ ನಮ್ಮಲ್ಲಿ ಚೆನ್ನಾಗಿ ಬರೆದವಳು ಅವಳೇ. ಆ ಜನವರಿಯಲ್ಲಿ ಫೋನ್ ಮಾಡಿ, ಗುಂಪಿನ ಹಳೆಯ ಫೋಟೊಗಳಿಂದ ತನ್ನನ್ನು ಕತ್ತರಿಸಿ ಹಾಕು ಅಂದಳು. ಕಾರಣ ಕೇಳಲಿಲ್ಲ, ಕತ್ತರಿಸಿದೆ. ಅವಳ ಬೈಲೈನಿನ ಪಕ್ಕದ ಚೌಕ ಇವತ್ತಿಗೂ ಖಾಲಿ ಇದೆ.